ಪಹಣಿಯ ಹನ್ನೆರಡನೆಯ ಕಲಂ: ಕೊರೊನಾ ಕಾಲದ ರೈತ ಪರಿಹಾರ ನಮಗೆ ಕಲಿಸಿದ ಪಾಠ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಒಕ್ಕಲುತನದ ಬದುಕಿಗೆ ಸಂಬಂಧಿಸಿದ ಒಂದು ವಿಷಯವನ್ನು ಆರಿಸಿಕೊಂಡು ಅದರ ಒಳಹೊರಗನ್ನು ಜನರ ಮುಂದಿಡಬೇಕು ಎಂಬುದು ಈ ದತ್ತಿಯ ಆಶಯ. ಇಂದು ನಾನು ಆರಿಸಿಕೊಂಡಿರುವುದು 2020 ಮತ್ತು 2021ರ ಕೊರೊನಾ ಕಾಲದಲ್ಲಿ ಸರ್ಕಾರಗಳು ರೈತರಿಗೆ ಕೊಟ್ಟ ನಗದು ಪರಿಹಾರವನ್ನು. ಆ ರೋಗದ ಭಯವನ್ನು ನಾವು ಮರೆಯುತ್ತಾ ಬಂದಿದ್ದೇವೆ. ಆದರೆ ಆ ಹಣ ಯಾರ ಕೈ ಸೇರಿತು, ಯಾರ ಕೈ ತಪ್ಪಿತು ಎಂಬುದನ್ನು ಮರೆಯಬಾರದು. ಮುಂದಿನ ಬರಕ್ಕೆ, ಮುಂದಿನ ಅತಿವೃಷ್ಟಿಗೆ ಹಣ ಹರಿಯುವುದೂ ಅದೇ ಕಾಲುವೆಯಲ್ಲಿ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಎರಡು ವರ್ಷ ಪರಿಹಾರ ಸಿಕ್ಕಿದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಬಿತ್ತಿ, ನೀರು ಹಾಯಿಸಿ, ಕೊನೆಗೆ ನಷ್ಟ ಉಂಡವರಲ್ಲಿ ದೊಡ್ಡ ಪಾಲಿನ ಜನರಿಗೆ ಪಹಣಿಯಲ್ಲಿ ಹೆಸರೇ ಇರಲಿಲ್ಲ. ಈ ತಪ್ಪನ್ನು ತಿದ್ದುವುದು ಸಾಧ್ಯ. ತಿದ್ದಬೇಕಾದ ಜಾಗ ಪಹಣಿಯಲ್ಲೇ ಇದೆ.

ಯುಗಾದಿಯ ದಿನ ಮುಚ್ಚಿದ ಗಂಜ್

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಅದು ಜಾರಿಗೆ ಬಂದ ಮಾರ್ಚ್ 25ರಂದೇ ಯುಗಾದಿ. ಈ ಕಾಕತಾಳೀಯದ ಭಾರ ಎಷ್ಟೆಂಬುದು ಬೀದರ ಜಿಲ್ಲೆಯ ನಮ್ಮ ಬಸವಕಲ್ಯಾಣ–ಹುಮನಾಬಾದ್ ಸೀಮೆಯವರಿಗೆ ಗೊತ್ತು. ನಮ್ಮಲ್ಲಿ ಒಕ್ಕಲುತನದ ವರ್ಷ ಶುರುವಾಗುವುದೇ ಯುಗಾದಿಗೆ. ಹೊಲವನ್ನು ಲಾವಣಿಗೆ, ಎಂದರೆ ಗೇಣಿಗೆ, ಕೊಡುವ, ಹಿಡಿಯುವ ಮಾತು ಯುಗಾದಿ ಆಸುಪಾಸಿನಲ್ಲೇ ಮುಗಿಯುತ್ತದೆ. ವರ್ಷದ ಆಳಿನ ಮಾತೂ ಆಗಲೇ. ಪಾಲಿಗೆ ಮಾಡುವವನು, ಲಾವಣಿಗೆ ಹಿಡಿದವನು ಮುಂದಿನ ಹನ್ನೆರಡು ತಿಂಗಳ ಭಾರವನ್ನು ಹೆಗಲಿಗೆ ಹಾಕಿಕೊಳ್ಳುವ ದಿನವೇ ಗಂಜ್ (ಕೃಷಿ ಮಾರುಕಟ್ಟೆ) ಬಾಗಿಲು ಹಾಕಿತು, ಬಸ್ಸು ನಿಂತಿತು, ಗುಡಿಯ ಕದ ಮುಚ್ಚಿತು.

ಬೇಸಾಯಕ್ಕೆ ಬೇಗನೆ ವಿನಾಯಿತಿ ಬಂತು ನಿಜ. ಮಾರ್ಚ್ 27ರಂದೇ ಕೇಂದ್ರ ಗೃಹ ಸಚಿವಾಲಯ ಹೊಲಗೆಲಸ, ಕೊಯ್ಲಿನ ಯಂತ್ರಗಳ ಓಡಾಟ, ಕೃಷಿ ಮಾರುಕಟ್ಟೆಯ ಖರೀದಿ ಇವುಗಳನ್ನು ನಿರ್ಬಂಧದಿಂದ ಹೊರಗಿಟ್ಟಿತು. ಆದರೆ ಆದೇಶ ಬಂದ ಮಾತ್ರಕ್ಕೆ ಮಾರಾಟ ಆಗುವುದಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ ಬಸವಕಲ್ಯಾಣ, ಹುಮನಾಬಾದ್ ಎಂಬ ನಮ್ಮ ಎರಡೂ ತಾಲ್ಲೂಕುಗಳ ಜೀವನಾಡಿ. ಒಂದು ಕಡೆ ಮಹಾರಾಷ್ಟ್ರದ ಗಡಿ, ಇನ್ನೊಂದು ಕಡೆ ತೆಲಂಗಾಣದ ಗಡಿ. ಎರಡೂ ಕಡೆ ಚೆಕ್‌ಪೋಸ್ಟ್ ಬಿದ್ದರೆ ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗಬೇಕಾದ ಟೊಮೆಟೊ, ಬದನೆ, ಕೊತ್ತಂಬರಿ ಹೊಲದಲ್ಲೇ ಬಾಡುತ್ತದೆ.

ಎಲ್ಲಕ್ಕಿಂತ ಮೊದಲು ನೆಲಕಚ್ಚಿದ್ದು ಹೂವು. ತೊಗರಿಯನ್ನು ಮನೆಯಲ್ಲಿ ತುಂಬಿಡಬಹುದು, ಕಡಲೆಯನ್ನು ಚೀಲ ಕಟ್ಟಿಡಬಹುದು. ಚೆಂಡುಹೂವನ್ನು, ಸೇವಂತಿಗೆಯನ್ನು ಎಲ್ಲಿಡುವುದು? ಯುಗಾದಿ ಹೋಯಿತು. ಏಪ್ರಿಲ್ 26ಕ್ಕೆ ಬಸವ ಜಯಂತಿ ಬಂತು. ಬಸವಣ್ಣನವರ ಕರ್ಮಭೂಮಿಯಲ್ಲೇ ಮೆರವಣಿಗೆ ಇಲ್ಲ, ಹಾರ ಇಲ್ಲ, ಜಾತ್ರೆಯ ಅಂಗಡಿ ಇಲ್ಲ. ಮದುವೆಯ ಸುಗ್ಗಿ ಹಾಗೇ ಕಳೆಯಿತು. ಮೇ ತಿಂಗಳಲ್ಲಿ ಮದುವೆಗೆ ಅನುಮತಿ ಸಿಕ್ಕಿದ್ದು 50 ಜನರ ಮಿತಿಯಲ್ಲಿ. ಮರುವರ್ಷವೂ ಅದೇ ಕಥೆ: 2021ರ ಬಸವ ಜಯಂತಿ ಮೇ 14ಕ್ಕೆ ಬಂತು, ಮೇ 10ರಿಂದಲೇ ರಾಜ್ಯದಲ್ಲಿ ಲಾಕ್‌ಡೌನ್ ಇತ್ತು. ಹೂವಿನ ರೈತನಿಗೆ ಎರಡು ವರ್ಷದ ಎರಡು ಸುಗ್ಗಿಯೂ ಕೈಬಿಟ್ಟವು.

ರೋಗವೂ ನಮ್ಮನ್ನು ಬಿಡಲಿಲ್ಲ. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು 2020ರ ಸೆಪ್ಟೆಂಬರ್ 24ರಂದು ಕೊರೊನಾದಿಂದಲೇ ತೀರಿಕೊಂಡರು. ಜನಪ್ರತಿನಿಧಿಯನ್ನೂ ಜನರನ್ನೂ ಒಂದೇ ಬಗೆಯಲ್ಲಿ ಕಾಡಿದ ಕಾಲ ಅದು. ಅವರಿಗೂ, ಆ ದಿನಗಳಲ್ಲಿ ನಾವು ಕಳೆದುಕೊಂಡ ಎಲ್ಲರಿಗೂ ಈ ವೇದಿಕೆಯಿಂದ ನಮನ ಸಲ್ಲಿಸುತ್ತೇನೆ.

ಸರ್ಕಾರ ಕೊಟ್ಟದ್ದೇನು?

ಈಗ ಲೆಕ್ಕಕ್ಕೆ ಬರೋಣ. 2020ರ ಮಾರ್ಚ್ 26ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ ಪ್ಯಾಕೇಜ್ ಪ್ರಕಟಿಸಿದರು. ಅದರಲ್ಲಿ ರೈತರಿಗೆ ಇದ್ದ ನಗದು ಎಂದರೆ ಪಿಎಂ ಕಿಸಾನ್ ಯೋಜನೆಯ 2,000 ರೂಪಾಯಿಯ ಕಂತು. 8.7 ಕೋಟಿ ರೈತರಿಗೆ ಏಪ್ರಿಲ್ ಮೊದಲಲ್ಲೇ ಅದನ್ನು ಕೊಡುವುದಾಗಿ ಹೇಳಿದರು. ಕಷ್ಟಕಾಲದಲ್ಲಿ ಬೇಗ ಕೊಟ್ಟದ್ದು ಒಳ್ಳೆಯದೇ. ಆದರೆ ಅದು ಹೊಸ ಹಣವಲ್ಲ. 2019ರ ಫೆಬ್ರುವರಿಯಲ್ಲಿ ಶುರುವಾದ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಹೇಗೂ ಬರಬೇಕಿತ್ತು, ಮೂರು ಕಂತುಗಳಲ್ಲಿ. ಕರ್ನಾಟಕ ಸರ್ಕಾರ 2019ರಲ್ಲಿ ಅದಕ್ಕೆ ತನ್ನ ಪಾಲಿನ 4,000 ಸೇರಿಸಿತ್ತು. ಕೊರೊನಾ ಕಾಲಕ್ಕೆಂದು ಹೊಸದಾಗಿ ಬಂದ ನಗದಿನಲ್ಲಿ ಮುಖ್ಯವಾದದ್ದು ಜನಧನ ಖಾತೆಯ ಹೆಣ್ಣುಮಕ್ಕಳಿಗೆ ತಿಂಗಳಿಗೆ 500ರಂತೆ ಮೂರು ತಿಂಗಳ ಹಣ.

ರಾಜ್ಯದ ಪರಿಹಾರ ಮೇ ತಿಂಗಳಲ್ಲಿ ಕಂತುಕಂತಾಗಿ ಬಂತು. ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. ಕ್ಷೌರಿಕರು, ಮಡಿವಾಳರು, ಆಟೊ–ಟ್ಯಾಕ್ಸಿ ಚಾಲಕರು, ನೇಕಾರರು, ಕಟ್ಟಡ ಕಾರ್ಮಿಕರ ಜೊತೆಗೆ ಹೂ ಬೆಳೆಗಾರರ ಹೆಸರೂ ಅದರಲ್ಲಿತ್ತು: ಹೆಕ್ಟೇರಿಗೆ 25,000 ರೂಪಾಯಿ, ಒಬ್ಬರಿಗೆ ಹೆಚ್ಚೆಂದರೆ ಒಂದು ಹೆಕ್ಟೇರಿಗೆ. ರಾಜ್ಯದಲ್ಲಿ 11,687 ಹೆಕ್ಟೇರ್ ಹೂವು ಇದೆ ಎಂಬುದು ಆಗಿನ ಅಂದಾಜು. ವಾರದ ಬಳಿಕ ಹಣ್ಣು–ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15,000ದಂತೆ 137 ಕೋಟಿ. ಅದರ ಬೆನ್ನಿಗೇ ಮೆಕ್ಕೆಜೋಳ ಬೆಳೆದ 10 ಲಕ್ಷ ರೈತರಿಗೆ ತಲಾ 5,000ದಂತೆ 500 ಕೋಟಿ. ಎರಡನೆಯ ಅಲೆ ಬಂದಾಗ, 2021ರ ಮೇ 19ರಂದು, 1,250 ಕೋಟಿಯ ಇನ್ನೊಂದು ಪ್ಯಾಕೇಜ್ ಬಂತು. ಈ ಸಲ ಹೂವಿಗೂ ಹಣ್ಣು–ತರಕಾರಿಗೂ ಒಂದೇ ದರ: ಹೆಕ್ಟೇರಿಗೆ 10,000.

ಹೆಕ್ಟೇರ್ ಎನ್ನುವುದು ಕಚೇರಿಯ ಅಳತೆ. ನಮ್ಮ ರೈತನ ಅಳತೆ ಎಕರೆ, ಗುಂಟೆ. ಒಂದು ಹೆಕ್ಟೇರ್ ಎಂದರೆ ಹತ್ತಿರಹತ್ತಿರ 99 ಗುಂಟೆ. ಬೋರ್‌ವೆಲ್ ನೀರಿನ ಮೇಲೆ 20 ಗುಂಟೆ ಚೆಂಡುಹೂವು ಹಾಕಿದ ಒಬ್ಬ ರೈತನನ್ನು ಕಣ್ಣ ಮುಂದೆ ತಂದುಕೊಳ್ಳಿ. 2020ರ ದರದಲ್ಲಿ ಗುಂಟೆಗೆ 253 ರೂಪಾಯಿಯಂತೆ ಅವನಿಗೆ ಸಲ್ಲುವುದು ಸುಮಾರು 5,060 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ. ಎಂದರೆ ಆ ಪರಿಹಾರ 18 ದಿನದ ಕೂಲಿಗೆ ಸಮ. 2021ರಲ್ಲಿ ಅದೇ 20 ಗುಂಟೆಗೆ ಅವನಿಗೆ ಸಲ್ಲುವುದು 2,024 ರೂಪಾಯಿ. ಆ ಹೊತ್ತಿಗೆ ಖಾತ್ರಿ ಕೂಲಿ 289ಕ್ಕೆ ಏರಿತ್ತು. ಹಾಗಾಗಿ ಮರುವರ್ಷದ ಪರಿಹಾರ ಬರೀ ಏಳು ದಿನದ ಕೂಲಿ. ಸಸಿ, ಗೊಬ್ಬರ, ಔಷಧಿ, ಹೂ ಬಿಡಿಸುವ ಕೂಲಿ ಎಲ್ಲ ಕೈಯಿಂದ ಹಾಕಿ, ಕಡೆಗೆ ಹೂ ಸಮೇತ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಸಿದವನಿಗೆ ಈ ಮೊತ್ತ ನಷ್ಟ ತುಂಬಿಕೊಡುವುದಿಲ್ಲ. ಮುಂದಿನ ಬೀಜಕ್ಕೆ ಒಂದಿಷ್ಟು ಆಸರೆಯಾಗುತ್ತದೆ, ಅಷ್ಟೆ. ಆದರೆ ಆ ಆಸರೆಗೂ ಬೆಲೆ ಇತ್ತು. ಅಡತಿ ಅಂಗಡಿಯವನ ಹತ್ತಿರ ಕೈಚಾಚುವುದನ್ನು ಒಂದು ತಿಂಗಳಾದರೂ ಅದು ತಪ್ಪಿಸಿತು.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು

ಟೀಕೆಗೆ ಮುನ್ನ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಈ ಹಣ ನೇರ ಖಾತೆಗೆ ಬಂತು. ನಡುವೆ ಕೈ ಇಡುವವರಿಗೆ ಎಡೆ ಕಡಿಮೆಯಿತ್ತು. ಇಷ್ಟು ಬೇಗ ಇಷ್ಟು ಜನರಿಗೆ ಹಣ ಕಳಿಸಲು ಆದದ್ದು ಹಿಂದಿನ ಇಪ್ಪತ್ತು ವರ್ಷ ಕೆಲಸ ಮಾಡಿದ್ದರಿಂದ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಮೇಲೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೊಂದು ಗುರುತಿನ ಸಂಖ್ಯೆ ಬಂತು. ಮೊಬೈಲಿನಲ್ಲಿ ಹೊಲದ ಫೋಟೊ ಹಿಡಿದು ಬೆಳೆ ಸಮೀಕ್ಷೆ ಮಾಡುವ ಪದ್ಧತಿ ಬಂತು. 2020ರ ಮುಂಗಾರಿಯಲ್ಲಿ ರೈತ ತಾನೇ ತನ್ನ ಬೆಳೆಯ ವಿವರ ದಾಖಲಿಸುವ ಆ್ಯಪ್ ಕೂಡ ಬಂತು. ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ, ತೋಟಗಾರಿಕೆ ಇಲಾಖೆಯವರು, ಗ್ರಾಮ ಲೆಕ್ಕಾಧಿಕಾರಿಗಳು ಮಾಸ್ಕ್ ಕಟ್ಟಿಕೊಂಡು ಆ ದಿನಗಳಲ್ಲಿ ಮಾಡಿದ ಕೆಲಸ ಸಣ್ಣದಲ್ಲ.

ಆದ್ದರಿಂದ ನನ್ನ ದೂರು ಇರುವುದು ದಫ್ತರದ ಬಗ್ಗೆ, ದಫ್ತರ ತುಂಬುವವರ ಬಗ್ಗೆ ಅಲ್ಲ. ದಫ್ತರ ಯಾರನ್ನು ಕಂಡಿತ್ತೋ ಅವರಿಗೆ ಹಣ ಬೇಗ ಮುಟ್ಟಿತು. ಅದು ಕಾಣದೆ ಹೋದವರ ಹೊಲಕ್ಕೆ ಆ ಬೇಸಿಗೆ ಯಾರೂ ಬರಲಿಲ್ಲ.

ಹೊರಗುಳಿದವರು

ಮೊದಲನೆಯದಾಗಿ ಬೆಳೆಯ ಮಾತು. ಪರಿಹಾರದ ಪಟ್ಟಿಯಲ್ಲಿದ್ದದ್ದು ಹೂವು, ಹಣ್ಣು, ತರಕಾರಿ, ಮೆಕ್ಕೆಜೋಳ. ಬೀದರ ಜಿಲ್ಲೆಯ ಬಹುಪಾಲು ಹೊಲ ಸೋಯಾ, ಉದ್ದು, ಹೆಸರು, ತೊಗರಿ, ಕಡಲೆ, ಜೋಳದ್ದು. ಕಾಳುಗಳಿಗೆ ಬೆಂಬಲ ಬೆಲೆಯ ಖರೀದಿ ಇತ್ತು, ಕಡಲೆಗೆ ಆ ವರ್ಷ ಕ್ವಿಂಟಲಿಗೆ 4,875 ರೂಪಾಯಿ ನಿಗದಿಯಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೂ ಪ್ಯಾಕೇಜಿನ ಲಾಭ ನಮ್ಮ ಎರಡು ತಾಲ್ಲೂಕಿನಲ್ಲಿ ನೀರಾವರಿ ಇದ್ದ ಸಣ್ಣ ಗುಂಪಿಗಷ್ಟೇ ದಕ್ಕುವಂತಿತ್ತು. ಕಾರಂಜಾ, ಚುಳಕಿ ನಾಲೆಯ ನೀರು ಕಾಣದ ಒಣಭೂಮಿಯವನಿಗೆ ಸಿಕ್ಕಿದ್ದು ಪಿಎಂ ಕಿಸಾನ್ ಕಂತು ಮಾತ್ರ.

ಎರಡನೆಯದಾಗಿ ಸತ್ತವರ ಹೆಸರಿನ ಹೊಲ. ಅಪ್ಪ ತೀರಿ ಹತ್ತು ವರ್ಷವಾದರೂ ಪೌತಿ ಖಾತೆ, ಎಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ. ಅಣ್ಣತಮ್ಮಂದಿರು ಮನೆಯಲ್ಲಿ ಪಾಲು ಮಾಡಿಕೊಂಡು ಬೇರೆಬೇರೆ ಉಳುತ್ತಿದ್ದಾರೆ, ಪಹಣಿ ಮಾತ್ರ ಅಪ್ಪನ ಹೆಸರಿನಲ್ಲೇ ಇದೆ. ಸತ್ತವನಿಗೆ ಆಧಾರ್ ಜೋಡಣೆ ಹೇಗೆ? ಜಂಟಿ ಹೆಸರಿನ ಪಹಣಿಯಾದರೆ ಉಳಿದವರ ಒಪ್ಪಿಗೆ ಬೇಕು. ಆ ಉಳಿದವರಲ್ಲಿ ಒಬ್ಬ ಪುಣೆಯಲ್ಲಿ, ಇನ್ನೊಬ್ಬ ಹೈದರಾಬಾದಿನಲ್ಲಿ ಸಿಕ್ಕಿಕೊಂಡಿದ್ದರೆ ಸಹಿ ಎಲ್ಲಿಂದ ತರುವುದು?

ಮೂರನೆಯದಾಗಿ ಹೆಣ್ಣುಮಕ್ಕಳು. ಬಿತ್ತನೆಯಿಂದ ರಾಶಿಯವರೆಗೆ ಅವರಿಲ್ಲದೆ ನಮ್ಮ ಹೊಲದಲ್ಲಿ ಒಂದು ಕೆಲಸವೂ ಸಾಗುವುದಿಲ್ಲ. ಆದರೆ ಗಂಡ ತೀರಿದ ಮೇಲೆ ವಾರಸಾ ಆಗದ ಹೊಲದಲ್ಲಿ ಒಬ್ಬಳೇ ದುಡಿಯುವ ತಾಯಿಯನ್ನು ಫ್ರೂಟ್ಸ್ ತಂತ್ರಾಂಶ ರೈತಳೆಂದು ಗುರುತಿಸುವುದಿಲ್ಲ. ಅವಳಿಗೆ ಸಿಕ್ಕಿದ್ದು ಜನಧನ ಖಾತೆಯಿದ್ದರೆ 1,500 ರೂಪಾಯಿ. ಅದೂ ರೈತಳೆಂದಲ್ಲ, ಬಡವಳೆಂದು.

ನಾಲ್ಕನೆಯವರೇ ನನ್ನ ಮಾತಿನ ನಡುಮಧ್ಯದವರು: ಪಾಲಿಗೆ ಮಾಡುವವರು, ಲಾವಣಿಗೆ ಹಿಡಿದವರು. ಹೊಲದ ಒಡೆಯರು ಬೀದರಿನಲ್ಲೋ ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿದ್ದಾರೆ. ಹೊಲ ಮಾಡುವವನು ಊರಲ್ಲಿದ್ದಾನೆ. ಲಾವಣಿಯ ಹಣ ಅವನು ಕೊಟ್ಟಾಗಿದೆ. ಬೀಜ ಅವನದು, ಎತ್ತು ಅವನದು, ಟ್ರ್ಯಾಕ್ಟರ್ ಬಾಡಿಗೆ ಅವನದು. ಲಾಕ್‌ಡೌನ್ ಬಿದ್ದು ಹೂವು ಕೊಳೆತಾಗ ಪೂರ್ತಿ ನಷ್ಟ ಅವನದು. ಪರಿಹಾರ ಮಾತ್ರ ಪಹಣಿ ಹೆಸರಿನವರ ಖಾತೆಗೆ. ಕೆಲವು ಒಡೆಯರು ಬಂದ ಹಣವನ್ನು ಹಾಗೇ ಅವನ ಕೈಗೆ ಕೊಟ್ಟರು, ಅಂಥ ಮನಸ್ಸು ನಮ್ಮ ಊರುಗಳಲ್ಲಿ ಇನ್ನೂ ಇದೆ. ಆದರೆ ರೈತನ ಹಕ್ಕು ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಒಂದು ಪಹಣಿಯನ್ನು ಕೈಯಲ್ಲಿ ಹಿಡಿಯಿರಿ

ನಿಮ್ಮ ಮನೆಯ ಪಹಣಿಯನ್ನು ಒಮ್ಮೆ ನಿಧಾನವಾಗಿ ಓದಿ. 9ನೆಯ ಕಲಮಿನಲ್ಲಿ ಒಡೆಯರ ಹೆಸರು. 11ನೆಯದರಲ್ಲಿ ಹಕ್ಕು ಮತ್ತು ಋಣ, ಎಂದರೆ ಯಾವ ಬ್ಯಾಂಕಿನಲ್ಲಿ, ಯಾವ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಸಾಲವಿದೆ ಎಂಬ ವಿವರ. ಅದರಾಚೆ 12ನೆಯ ಕಲಂ: ಯಾವ ವರ್ಷ, ಯಾವ ಹಂಗಾಮು, ಸಾಗುವಳಿ ಮಾಡಿದವರು ಯಾರು, ಸಾಗುವಳಿ ಯಾವ ಬಗೆಯದು, ಬೆಳೆ ಏನು, ನೀರು ಎಲ್ಲಿಂದ. ಒಡೆಯನೇ ಬೇರೆ, ಉಳುವವನೇ ಬೇರೆ ಇರಬಹುದು ಎಂಬುದನ್ನು ಮನಗಂಡೇ ಹಿಂದಿನವರು ಈ ಕಲಮನ್ನು ಇಟ್ಟಿದ್ದಾರೆ. ಆದರೆ ಇಂದು ಆ ಜಾಗದಲ್ಲಿ ಸಾಮಾನ್ಯವಾಗಿ ಕಾಣುವುದು 9ನೆಯ ಕಲಮಿನ ಹೆಸರೇ. ನಿಜವಾಗಿ ಕುಂಟೆ ಹೊಡೆದವನ ಹೆಸರು ಅಲ್ಲಿಲ್ಲ.

ಏಕಿಲ್ಲ ಎಂಬುದಕ್ಕೆ ಇತಿಹಾಸವಿದೆ, ಅದು ನಮ್ಮ ಸೀಮೆಯದೇ ಇತಿಹಾಸ. ಇಂದಿನ ಬಸವಕಲ್ಯಾಣವಾದ ಕಲ್ಯಾಣ ನಿಜಾಮರ ಕಾಲದಲ್ಲಿ ನವಾಬರ ಜಾಗೀರಾಗಿತ್ತು. ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟದಲ್ಲಿ ಸೇರಿದ ಮರುವರ್ಷ, 1949ರಲ್ಲಿ, ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ ಬಂತು. ಊರೂರಲ್ಲಿ ಉಳುವವರನ್ನು ಗುರುತಿಸಿ, ಅವರನ್ನು ಸಂರಕ್ಷಿತ ಗೇಣಿದಾರರೆಂದು ದಫ್ತರದಲ್ಲಿ ಬರೆದ ಕಾಯ್ದೆ ಅದು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರಿಗೂ ಅದು ಅನ್ವಯವಾಗಿತ್ತು. ಎಂದರೆ ಉಳುವವನ ಹೆಸರನ್ನು ಸರ್ಕಾರ ಹುಡುಕಿ ಬರೆದುಕೊಳ್ಳುವ ಕೆಲಸವನ್ನು ಈ ನೆಲ ಎಪ್ಪತ್ತು ವರ್ಷದ ಹಿಂದೆಯೇ ಕಂಡಿದೆ.

ಆಮೇಲೆ ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆ, ಅದಕ್ಕೆ ದೇವರಾಜ ಅರಸರ ಕಾಲದಲ್ಲಿ ಆದ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ. ಉಳುವವನೇ ಒಡೆಯನಾಗಲಿ ಎಂಬ ದೊಡ್ಡ ಆಶಯ ಅದರದು. ಲಕ್ಷಾಂತರ ಕುಟುಂಬಗಳಿಗೆ ಅದು ನೆಲ ಕೊಟ್ಟಿತು. ಆ ಕಾಯ್ದೆಯಲ್ಲೇ ಗೇಣಿ ಪದ್ಧತಿಯನ್ನು ನಿಷೇಧಿಸಲಾಯಿತು, ಸೈನಿಕರು ಮತ್ತು ನಾವಿಕರಿಗೆ ಮಾತ್ರ ವಿನಾಯಿತಿ. ಕಾಯ್ದೆಯ ಪ್ರಕಾರ ಗೇಣಿ ಇಲ್ಲ, ಆದ್ದರಿಂದ ಗೇಣಿದಾರನೂ ಇಲ್ಲ. ಆದರೆ ಐವತ್ತು ವರ್ಷದಲ್ಲಿ ಊರು ಬದಲಾಯಿತು. ಓದಿದವರು ಪಟ್ಟಣ ಸೇರಿದರು. ಅವರ ಹೊಲವನ್ನು ಊರಲ್ಲಿ ಉಳಿದವರು ಬಾಯಿಮಾತಿನ ಕರಾರಿನಲ್ಲಿ ಮಾಡತೊಡಗಿದರು. ಕಾಗದ ಮಾಡಿದರೆ ಹೊಲ ಕೈತಪ್ಪೀತೆಂಬ ಭಯ ಒಡೆಯನಿಗೆ, ಕಾಗದ ಕೇಳಿದರೆ ಮುಂದಿನ ಯುಗಾದಿಗೆ ಹೊಲ ಸಿಗಲಿಕ್ಕಿಲ್ಲವೆಂಬ ಭಯ ಮಾಡುವವನಿಗೆ. ಇಬ್ಬರೂ ಸುಮ್ಮನಿರುತ್ತಾರೆ, 12ನೆಯ ಕಲಮೂ ಸುಮ್ಮನಿರುತ್ತದೆ.

ಕೊರೊನಾ ವರ್ಷದಲ್ಲೇ ಈ ಕಾಯ್ದೆಗೆ ಮತ್ತೆ ಕೈಹಾಕಲಾಯಿತು. 2020ರ ಜುಲೈನಲ್ಲಿ ಸುಗ್ರೀವಾಜ್ಞೆ ಬಂತು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಇದ್ದ 79ಎ, 79ಬಿ ಕಲಮುಗಳ ಅಡ್ಡಿಯನ್ನು ತೆಗೆಯಲಾಯಿತು. ಕೊಳ್ಳುವವನಿಗೆ ದಾರಿ ಮಾಡಿಕೊಟ್ಟ ಆ ತಿದ್ದುಪಡಿ ಲಾವಣಿಗೆ ಮಾಡುವವನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಆ ವರ್ಷ ನಷ್ಟ ಉಂಡವನು ಅವನೇ ಆಗಿದ್ದ. ಕಾಯ್ದೆಗೆ ಕೈಹಾಕಿದವರು ಅವನನ್ನೂ ನೆನೆಯಬೇಕಿತ್ತು.

ಬೇರೆಯವರು ಏನು ಮಾಡಿದರು?

ಉಳುವವನ ಹೆಸರನ್ನು ಗುರುತಿಸಿ ಪರಿಹಾರ ಕೊಡುವುದು ಆಗದ ಕೆಲಸ ಎನ್ನುವವರಿದ್ದಾರೆ. ಬೇರೆ ರಾಜ್ಯಗಳನ್ನು ನೋಡೋಣ. ಹುಮನಾಬಾದಿನಿಂದ ಜಹೀರಾಬಾದಿನ ದಾರಿ ಹಿಡಿದರೆ ತೆಲಂಗಾಣ. ಅಲ್ಲಿ 2018ರಲ್ಲಿ ರೈತಬಂಧು ಬಂತು, ಎಕರೆಗೆ ಹಂಗಾಮಿಗೆ 4,000, ಆಮೇಲೆ 5,000. ಮೊತ್ತ ದೊಡ್ಡದು, ಆದರೆ ಅದೂ ಒಡೆಯನಿಗೇ. ಗೇಣಿದಾರನನ್ನು ಅದು ಹೊರಗಿಟ್ಟಿತ್ತು. ಆಂಧ್ರ ಪ್ರದೇಶ 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆ ಮಾಡಿತು. ಹನ್ನೊಂದು ತಿಂಗಳ ಕರಾರಿನ ಮೇಲೆ ಸಾಗುವಳಿದಾರನಿಗೊಂದು ಕಾರ್ಡ್, ಒಡೆಯನ ಹಕ್ಕಿಗೆ ಚ್ಯುತಿ ಇಲ್ಲ. ಅದೇ ವರ್ಷ ಶುರುವಾದ ರೈತು ಭರೋಸಾ ಯೋಜನೆಯಲ್ಲಿ ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ವರ್ಗಗಳ ಭೂರಹಿತ ಗೇಣಿದಾರರಿಗೂ ಹಣ ಕೊಟ್ಟಿತು. ಒಡೆಯನ ಸಹಿ ಬೇಕೆಂಬ ಷರತ್ತಿನಿಂದ ಅಲ್ಲೂ ಅನೇಕರು ಹೊರಗುಳಿದರು, ಆ ಕೊರತೆಯಿಂದ ನಾವು ಪಾಠ ಕಲಿಯಬಹುದು. ಒಡಿಶಾದ ಕಾಲಿಯಾ ಯೋಜನೆ ಪಾಲುದಾರ ರೈತರನ್ನೂ ಭೂಮಿಯಿಲ್ಲದ ಕೃಷಿ ಕುಟುಂಬಗಳನ್ನೂ ಒಳಗೆ ತಂದುಕೊಂಡಿತು.

ಅಮೆರಿಕ 2020ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಕೊರೊನಾ ಕೃಷಿ ನೆರವಿನಲ್ಲಿ 1,600 ಕೋಟಿ ಡಾಲರ್ ನೇರ ಪಾವತಿಗೆಂದು ಇತ್ತು. ದೊಡ್ಡ ಹಿಡುವಳಿಗಳೇ ಹೆಚ್ಚು ಪಡೆದವೆಂಬ ಟೀಕೆ ಅಲ್ಲೂ ಬಂತು. ಆದರೆ ಅವರ ಒಂದು ನಿಯಮ ಗಮನಿಸಬೇಕಾದದ್ದು: ಬೆಳೆಯ ನಷ್ಟದ ಅಪಾಯದಲ್ಲಿ ಪಾಲಿರುವವನಿಗೇ ಹಣ. ಹೊಲವನ್ನು ನಗದು ಗೇಣಿಗೆ ಕೊಟ್ಟು ಸುಮ್ಮನಿರುವ ಒಡೆಯನಿಗೆ ಇಲ್ಲ. ಸಾವಿರಾರು ಎಕರೆಯ ಹಿಡುವಳಿಗಳ ದೇಶ ಪಾಲಿಸುವ ಈ ನ್ಯಾಯ ಗುಂಟೆ ಲೆಕ್ಕದ ನಮ್ಮ ರೈತನಿಗೆ ಇನ್ನೂ ಹೆಚ್ಚು ಬೇಕು.

ಹೊರಗಿನ ಉದಾಹರಣೆಗಳೇಕೆ, ನಮ್ಮದೇ ಪರಂಪರೆ ನೋಡಿ. ಬೀದರಿನ ಬಹಮನಿ ಸುಲ್ತಾನರ ಕೈಕೆಳಗೆ ಮಂಗಳವೇಢೆಯಲ್ಲಿ ಅಧಿಕಾರಿಯಾಗಿದ್ದ ದಾಮಾಜಿ ಪಂತರ ಕಥೆ ಈ ಸೀಮೆಯ ವಿಠ್ಠಲ ಭಕ್ತರಿಗೆಲ್ಲ ಗೊತ್ತು. ಕ್ಷಾಮ ಬಂದಾಗ ಅವರು ಅಪ್ಪಣೆಗೆ ಕಾಯದೆ ಸರ್ಕಾರದ ಕಣಜ ತೆರೆದು ಹಸಿದವರಿಗೆ ಹಂಚಿದರಂತೆ. ಆ ಧಾನ್ಯದ ಲೆಕ್ಕವನ್ನು ವಿಠ್ಠಲನೇ ಬಂದು ಬೀದರಿನ ದರ್ಬಾರಿನಲ್ಲಿ ಚುಕ್ತಾ ಮಾಡಿದನಂತೆ. ಮೊದಲು ಹಸಿದವನ ಕೈಗೆ, ಆಮೇಲೆ ಲೆಕ್ಕ ಎಂಬುದು ಆ ಕಥೆಯನ್ನು ಐದು ಶತಮಾನ ಉಳಿಸಿಕೊಂಡ ಜನರ ತೀರ್ಮಾನ. 1972ರ ಬರವನ್ನು ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. ಆಗ ಕಲ್ಲು ಒಡೆದವನಿಗೆ, ಮಣ್ಣು ಹೊತ್ತವಳಿಗೆ ಕೂಲಿ ಸಿಗುತ್ತಿತ್ತು, ಪಹಣಿ ಕೇಳುತ್ತಿರಲಿಲ್ಲ. 2006ರಲ್ಲಿ ಉದ್ಯೋಗ ಖಾತ್ರಿ ಜಾರಿಗೆ ಬಂದ ದೇಶದ ಮೊದಲ 200 ಜಿಲ್ಲೆಗಳಲ್ಲಿ ಬೀದರವೂ ಒಂದು. ಅಲ್ಲೂ ದುಡಿದವರ ಹೆಸರೇ ಹಾಜರಿ ಪಟ್ಟಿಗೆ ಏರುವುದು. ಕಾಯಕವನ್ನೇ ಮನುಷ್ಯನ ಗುರುತಾಗಿಸಿದ ಶರಣರ ಊರು ಕಲ್ಯಾಣ. ಒಕ್ಕಲುತನ ಮಾಡಿಕೊಂಡಿದ್ದ ಒಕ್ಕಲಿಗ ಮುದ್ದಣ್ಣನಂಥವರೂ ವಚನಕಾರರ ಸಾಲಿನಲ್ಲಿ ಕುಳಿತರು. ಅವರನ್ನು ಅಲ್ಲಿ ಕೂರಿಸಿದ್ದು ಅವರ ದುಡಿಮೆ ಮತ್ತು ಅರಿವು.

ಆಗಬೇಕಾದದ್ದೇನು?

ಕೊರೊನಾ ಮುಗಿದರೂ ಅದೇ ಯಂತ್ರ ಓಡುತ್ತಿದೆ. 2022ರಲ್ಲಿ ಇ–ಕೆವೈಸಿ ಕಡ್ಡಾಯವಾದಾಗ ಏನಾಯಿತು ನೋಡಿ. ಆಗಿನ ಸರ್ಕಾರಿ ಪ್ರಕಟಣೆಯಂತೆ ಮೇ ತಿಂಗಳ ಪಿಎಂ ಕಿಸಾನ್ ಕಂತು 10 ಕೋಟಿಗೂ ಹೆಚ್ಚು ರೈತರಿಗೆ, ಅಕ್ಟೋಬರಿನ ಕಂತು ಸುಮಾರು 8 ಕೋಟಿ ರೈತರಿಗೆ. 2023ರ ಬರದಲ್ಲಿ ರಾಜ್ಯ ಸರ್ಕಾರ 2,000 ರೂಪಾಯಿವರೆಗಿನ ಮೊದಲ ಕಂತು ಕೊಟ್ಟಾಗಲೂ ಆಧಾರ ಫ್ರೂಟ್ಸ್ ದತ್ತಾಂಶವೇ. ದಫ್ತರ ತಿದ್ದದೆ ದರ ಏರಿಸಿದರೆ ಹೊರಗಿದ್ದವರು ಹೊರಗೇ ಉಳಿಯುತ್ತಾರೆ.

ಸರ್ಕಾರದ ಮುಂದೆ ನಾನಿಡುವ ಬೇಡಿಕೆಗಳು ಮೂರು. ಒಂದು: ಬೆಳೆ ಸಮೀಕ್ಷೆಯಲ್ಲಿ ಬೆಳೆಯ ಫೋಟೊ ಹಿಡಿಯುವಾಗಲೇ ಆ ಹಂಗಾಮಿನಲ್ಲಿ ಹೊಲ ಮಾಡಿದವರ ಹೆಸರನ್ನೂ ದಾಖಲಿಸಲಿ. ಈ ದಾಖಲೆ ಒಂದು ಹಂಗಾಮಿಗೆ ಮಾತ್ರ, ಪರಿಹಾರ, ವಿಮೆ ಮತ್ತು ಬೆಳೆ ಸಾಲಕ್ಕೆ ಮಾತ್ರ, ಒಡೆತನದ ವ್ಯಾಜ್ಯದಲ್ಲಿ ಸಾಕ್ಷಿಯಾಗದು ಎಂದು ಕಾಯ್ದೆಯಲ್ಲೇ ಬರೆಯಲಿ. ಒಡೆಯನ ಭಯ ಹೋದರೆ ಮಾಡುವವನ ಹೆಸರು ಹೊರಗೆ ಬರುತ್ತದೆ. ನೀತಿ ಆಯೋಗ 2016ರಲ್ಲಿ ರೂಪಿಸಿದ ಮಾದರಿ ಭೂ ಗುತ್ತಿಗೆ ಕಾಯ್ದೆಯ ಕರಡು ಈ ಚರ್ಚೆಗೆ ಆರಂಭವಾಗಬಹುದು. ಎರಡು: ಒಡೆಯ ಸಹಿ ಹಾಕದಿದ್ದರೆ ಗ್ರಾಮಸಭೆಯ ಸಾಕ್ಷಿಯನ್ನು ಒಪ್ಪಲಿ. ಯಾರ ಹೊಲ ಯಾರು ಮಾಡುತ್ತಾರೆ ಎಂಬುದು ಊರಿಗೆ ಗೊತ್ತಿರದ ಗುಟ್ಟಲ್ಲ. ಮೂರು: ಪೌತಿ ಖಾತೆ ಮತ್ತು ವಾರಸಾ ಪ್ರಕರಣಗಳನ್ನು ಹೋಬಳಿ ಮಟ್ಟದಲ್ಲಿ, ಮುಡಬಿ, ಮಂಠಾಳ, ರಾಜೇಶ್ವರ, ಹಳ್ಳಿಖೇಡ, ದುಬಲಗುಂಡಿಯಂಥ ಕಡೆಗಳಲ್ಲಿ ಶಿಬಿರ ಮಾಡಿ ಮುಗಿಸಲಿ. ವಿಧವೆಯರ ಅರ್ಜಿಗೆ ಮೊದಲ ಸರದಿ ಇರಲಿ.

ಹೊಲವನ್ನು ಲಾವಣಿಗೆ ಕೊಟ್ಟಿರುವ ಒಡೆಯರಲ್ಲಿ, ಅಂಥವರು ಈ ಸಭೆಯಲ್ಲೂ ಇದ್ದಾರೆ, ಒಂದು ಪ್ರಾರ್ಥನೆ. ನೀವು ಮಾಡದ ಬೆಳೆಯ ಪರಿಹಾರ ನಿಮ್ಮ ಖಾತೆಗೆ ಬಂದರೆ ಅದು ನಿಮ್ಮದಲ್ಲ. ಕಾಯ್ದೆ ಬದಲಾಗುವವರೆಗೆ ಕಾಯದೆ ಅದನ್ನು ಬೆಳೆದವನ ಕೈಗೆ ಮುಟ್ಟಿಸಿ. ರೈತ ಬಂಧುಗಳಲ್ಲಿ ಇನ್ನೊಂದು ಪ್ರಾರ್ಥನೆ. ಅಪ್ಪನ ಹೆಸರಿನ ಪಹಣಿಯನ್ನು ಇನ್ನೊಂದು ವರ್ಷ ಮುಂದೂಡಬೇಡಿ. ಹೆಂಡತಿಯ, ತಾಯಿಯ ಹೆಸರನ್ನು ದಫ್ತರಕ್ಕೆ ಸೇರಿಸಿ. ಬೆಳೆ ಸಮೀಕ್ಷೆಯ ದಿನ ಹೊಲದಲ್ಲಿ ನೀವೇ ನಿಂತಿರಿ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಗ್ರಾಮಸಭೆಗೆ ನಿಮ್ಮ ಊರಿನ ಪಹಣಿಗಳನ್ನು ತೆಗೆದುಕೊಂಡು ಹೋಗಿ. 12ನೆಯ ಕಲಮನ್ನು ಗಟ್ಟಿಯಾಗಿ ಓದಿ. ಅಲ್ಲಿ ಬರೆದಿರುವ ಹೆಸರಿನವರೇ ಈ ಹೊಲ ಮಾಡುತ್ತಿದ್ದಾರೆಯೇ ಎಂದು ಸಭೆಯನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಬಸವಕಲ್ಯಾಣ ಮತ್ತು ಹುಮನಾಬಾದಿನ ಪ್ರತಿ ಪಂಚಾಯಿತಿಯಿಂದ ಅಂಥ ಒಂದೊಂದು ನಡಾವಳಿ ತಹಶೀಲ್ದಾರರ ಮೇಜು ಸೇರಿದರೆ, ಮುಂದಿನ ಪರಿಹಾರ ಬೆಳೆದವರ ಮನೆಗೆ ಹೋಗಲೇಬೇಕಾಗುತ್ತದೆ. ಆ ಕೆಲಸವನ್ನು ಈ ಹಂಗಾಮಿನಲ್ಲೇ ಶುರುಮಾಡಿ.